ಕವಲು ಕೀಳೆಂಬ ಮತದ ಖಂಡನೆ

ಸಂಸಾರಜೀವನವನ್ನೇ ಆಟವಾಗಿ ಆಡಿಸುವ 'ದಿ ಸಿಮ್ಸ್' ಎಂಬ ವಿಡಿಯೋ ಗೇಮ್ ಮಾಲಿಕೆಯ ವಿಷಯದಲ್ಲಿ, ಅದನ್ನು ಬಲ್ಲೆವೆನ್ನುವವರ ನಡುವೆ ಒಂದು ಮತವು ಈಚಿನ ವರ್ಷಗಳಲ್ಲಿ ಆಳವಾಗಿ ಬೇರೂರಿದೆ. 2000, 2004, 2009 ಮತ್ತು 2014ನೆಯ ಇಸವಿಗಳಲ್ಲಿ ಹೊರಬಂದ ನಾಲ್ಕು ದೊಡ್ಡ ಆಟಗಳೇ ಈ ಮಾಲಿಕೆಯ ನಿಜವಾದ ಕೃತಿಗಳು. ಅವುಗಳ ಪಕ್ಕದಲ್ಲಿ ಚಿಗುರಿದ 'ಬಸ್ಟಿನ್ ಔಟ್', 'ದಿ ಅರ್ಬ್ಸ್', 'ಲೈಫ್ ಸ್ಟೋರೀಸ್', 'ಪೆಟ್ ಸ್ಟೋರೀಸ್', 'ಕ್ಯಾಸ್ಟ್‌ಅವೇ ಸ್ಟೋರೀಸ್', 'ಮೈಸಿಮ್ಸ್', 'ಮೆಡೀವಲ್' ಮೊದಲಾದ ಕವಲಿನ ಆಟಗಳು ಹೆಸರಿನ ಬಲದಿಂದ ಹಣ ಮಾಡಲು ಹೊರಟ ಉಪೋತ್ಪನ್ನಗಳು. ಇಂದು ಅವನ್ನು ನೆನೆದು ಹಂಬಲಿಸುವವರು ಹಂಬಲಿಸುತ್ತಿರುವುದು ಆ ಆಟಗಳಿಗಾಗಿ ಅಲ್ಲ, ಕಳೆದುಹೋದ ತಮ್ಮ ಬಾಲ್ಯಕ್ಕಾಗಿ. ಆದುದರಿಂದ ಆ ಹಂಬಲವು ಕನಿಕರಕ್ಕೆ ಪಾತ್ರವೇ ಹೊರತು ವಿಚಾರಕ್ಕೆ ಪಾತ್ರವಲ್ಲ. ಇದು ಆ ಮತದ ಸಾರ. ನಗರಗಳ ವಿದ್ಯಾವಂತ ತರುಣರಲ್ಲಿ ಇದನ್ನು ಪ್ರಶ್ನಿಸುವವರೇ ವಿರಳವಾಗಿದ್ದಾರೆ. ನಮ್ಮ ರಾಯದುರ್ಗ ಮಡಕಶಿರಗಳಂತಹ ಊರುಗಳಿಂದ ಬೆಂಗಳೂರಿಗೆ ಹೋಗಿ ನೆಲಸಿದ ಹುಡುಗರು ಕೂಡ, ತಾವು ಬೆಳೆದ ಆಟಗಳನ್ನು ಹೆಸರಿಸುವಾಗ ದೊಡ್ಡ ನಾಲ್ಕನ್ನು ಹೇಳಿ ಚಿಕ್ಕವನ್ನು ನುಂಗಿಕೊಳ್ಳುತ್ತಾರೆ. ಈ ಮತವು ತರ್ಕದಲ್ಲಿಯೂ ದೋಷಯುಕ್ತವಾದುದು, ರಸವಿವೇಕದಲ್ಲಿಯೂ ದೋಷಯುಕ್ತವಾದುದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅವರು ಮೂಲವೆಂದು ಕರೆಯುವುದನ್ನೇ ಪರೀಕ್ಷಿಸೋಣ. 1984ರಲ್ಲಿ ವಿಲ್ ರೈಟ್ ಎಂಬ ಅಮೆರಿಕದ ತರುಣನು 'ರೇಡ್ ಆನ್ ಬಂಗೆಲಿಂಗ್ ಬೇ' ಎಂಬ, ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ರಚಿಸಿದನು. ಆ ದ್ವೀಪಗಳನ್ನು ಚಿತ್ರಿಸುವುದಕ್ಕೆಂದು ತಾನೇ ಮಾಡಿಕೊಂಡಿದ್ದ ಸಾಧನದಲ್ಲಿ ರಸ್ತೆಗಳನ್ನೂ ಕಟ್ಟಡಗಳನ್ನೂ ಜೋಡಿಸುತ್ತ ಕುಳಿತಿರುವುದು ಅವನ್ನು ಕೆಡಹುವುದಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ಅವನಿಗೆ ತೋರಿತು. ಆ ಪಕ್ಕದ ಸ್ವಾರಸ್ಯವೇ ಬೆಳೆದು 1989ರಲ್ಲಿ 'ಸಿಮ್‌ಸಿಟಿ' ಆಯಿತು. ಸಿಮ್‌ಸಿಟಿಯಿಂದ ಅನೇಕ ಕವಲುಗಳು ಒಡೆದವು: ಭೂಗೋಳವನ್ನೇ ಆಡಿಸುವ 'ಸಿಮ್‌ಅರ್ತ್', ಇರುವೆಗಳ ಗೂಡಿನ 'ಸಿಮ್‌ಆಂಟ್', 1993ರ 'ಸಿಮ್‌ಫಾರ್ಮ್'. ಈ ಕೊನೆಯದರಲ್ಲಿ ಬರಗಾಲವಿತ್ತು, ಕೀಟಬಾಧೆಯಿತ್ತು, ಬ್ಯಾಂಕಿನ ಸಾಲವಿತ್ತು; ಮುಂಗಾರನ್ನು ನಂಬಿ ಕಡಲೆಕಾಯಿ ಬಿತ್ತುವ ಅನಂತಪುರದ ಒಕ್ಕಲಿಗನಿಗೆ ವ್ಯಾಖ್ಯಾನದ ಅಗತ್ಯವೇ ಇಲ್ಲದೆ ಅರ್ಥವಾಗತಕ್ಕ ಆಟವದು, ಅವನ ಕೈಗೆ ಅದು ಎಂದೂ ತಲಪಲಿಲ್ಲವೆಂಬುದು ಬೇರೆ ಮಾತು. 1991ರ ಅಕ್ಟೋಬರಿನಲ್ಲಿ ಓಕ್ಲೆಂಡಿನ ಬೆಟ್ಟಗಳಲ್ಲಿ ಎದ್ದ ಬೆಂಕಿಯಲ್ಲಿ ರೈಟನ ಮನೆ ಸುಟ್ಟುಹೋಯಿತು. ಪಾತ್ರೆ ಪಡಗದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಳ್ಳಬೇಕಾದ ಆ ದಿನಗಳಲ್ಲಿ, ಮನುಷ್ಯನಿಗೆ ಮನೆಯೆಂದರೆ ಏನು, ಯಾವ ವಸ್ತುವು ಯಾವ ಅಗತ್ಯವನ್ನು ಪೂರೈಸುತ್ತದೆ ಎಂಬ ಚಿಂತನೆ ಅವನಲ್ಲಿ ಬಲಿಯಿತು. ಅದರ ಫಲವೇ 2000ನೆಯ ಇಸವಿಯ ಫೆಬ್ರವರಿಯಲ್ಲಿ ಹೊರಬಂದ 'ದಿ ಸಿಮ್ಸ್'. ಗೊಂಬೆಮನೆಯೆಂದು ಅವನ ಸಂಸ್ಥೆಯೊಳಗೇ ಬಹುಕಾಲ ಅನಾದರಕ್ಕೆ ಪಾತ್ರವಾಗಿದ್ದ ಯೋಜನೆಯದು. ಅಂದಮೇಲೆ, ಇಂದು ಯಾವುದನ್ನು ಕಾಂಡವೆಂದು ಪೂಜಿಸಿ ಇತರವನ್ನು ಕೊಂಬೆಯೆಂದು ತಳ್ಳುತ್ತಿದ್ದಾರೋ ಅದು ತಾನೇ ಒಂದು ಕವಲಿನ ಕವಲು. ಅದರ ಹುಟ್ಟಿನ ಕಾಲದಲ್ಲಿ ಈ ವಿಮರ್ಶಕರು ಇದ್ದಿದ್ದರೆ, ಇದೇ ನ್ಯಾಯವನ್ನು ಹಿಡಿದು ಅದನ್ನೂ ತಳ್ಳಿಬಿಡುತ್ತಿದ್ದರು.

ಕವಲೆಂಬ ಕಾರಣಕ್ಕೆ ಕೃತಿಯನ್ನು ಹೀನವೆಂದೆಣಿಸುವ ಬುದ್ಧಿ ಕನ್ನಡ ಸಾಹಿತ್ಯವನ್ನು ಓದಿದವನಿಗೆ ಸಲ್ಲತಕ್ಕುದಲ್ಲ. ಪಂಪನ ಭಾರತದ ಹದಿಮೂರನೆಯ ಆಶ್ವಾಸವೊಂದನ್ನು ಆಧಾರವಾಗಿ ಹಿಡಿದು ರನ್ನನು ಗದಾಯುದ್ಧವನ್ನು ಕಟ್ಟಿದನು. ದೊಡ್ಡ ಕಾವ್ಯದಲ್ಲಿ ಕೊನೆಯತ್ತ ಸರಿದುಹೋಗುವ ಒಂದು ಪ್ರಸಂಗ. ಅದನ್ನೇ ರಂಗದ ನಡುವೆ ನಿಲ್ಲಿಸಿ, ಆದದ್ದನ್ನೆಲ್ಲ ಹಿಂದಿರುಗಿ ನೋಡುವ ಸಿಂಹಾವಲೋಕನದಿಂದ ಇಡೀ ಭಾರತವನ್ನು ಅದರೊಳಕ್ಕೆ ತಂದು, ವೈಶಂಪಾಯನ ಸರೋವರದ ದಡಕ್ಕೆ ಬಂದ ದುರ್ಯೋಧನನಿಗೆ ಮೂಲದಲ್ಲಿ ಇಲ್ಲದಷ್ಟು ಉದಾತ್ತತೆಯನ್ನು ರನ್ನನು ಕೊಟ್ಟನು. ರನ್ನನನ್ನು ಪಂಪನ ಉಪೋತ್ಪನ್ನವೆಂದು ಕರೆದವರುಂಟೆ? ಅರಣ್ಯಪರ್ವದ ಉಪಾಖ್ಯಾನವೊಂದರಿಂದ ಕನಕದಾಸರು ನಳಚರಿತ್ರೆಯನ್ನು ತೆಗೆದರು. ಅದನ್ನು ಓದಿ ಕಣ್ಣೀರಿಟ್ಟವರು ಭಾರತದ ಮುಖ್ಯಕಥೆಗೆ ದ್ರೋಹ ಮಾಡಿದರೆಂದು ಯಾರೂ ಹೇಳಲಿಲ್ಲ. ನಮ್ಮ ಬಳ್ಳಾರಿ ರಾಯದುರ್ಗ ಸೀಮೆಯ ಬಯಲಾಟದ ಮೇಳಗಳು ಇಂದಿಗೂ ಆಡುವುದು ಪ್ರಸಂಗವನ್ನೇ ಹೊರತು ಹದಿನೆಂಟು ಪರ್ವಗಳನ್ನಲ್ಲ. ವಿಶಾಲವಾದುದರಿಂದ ಒಂದು ತುಣುಕನ್ನು ಆಯ್ದು, ಅದಕ್ಕೆ ಆದಿ ಮಧ್ಯ ಅಂತ್ಯಗಳನ್ನು ಕೊಟ್ಟು, ಒಂದು ರಾತ್ರಿಯಲ್ಲಿ ಮುಗಿಯುವಂತೆ ಮಾಡುವುದು ಕಲೆಯ ಕೆಲಸಗಳಲ್ಲಿ ಅತ್ಯಂತ ಕಷ್ಟವಾದವುಗಳಲ್ಲಿ ಒಂದು.

ಇನ್ನೊಂದು ಪ್ರಶ್ನೆಯುಂಟು: ಯಾವುದು ಕಾಂಡ, ಯಾವುದು ಕೊಂಬೆ ಎಂದು ತೀರ್ಮಾನಿಸುವವರು ಎಲ್ಲಿ ಕುಳಿತು ತೀರ್ಮಾನಿಸುತ್ತಾರೆ? ಗಡಿಸೀಮೆಯವರಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ರಚಿತವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೂ ಉಳಿದವು ಮೈಸೂರಿಗೂ ಹೋದವು. ಅಂದಿನಿಂದ ರಾಯದುರ್ಗದ ಕನ್ನಡವು ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಯಿತು. ಮಡಕಶಿರವು 1882ರಲ್ಲಿ ಅನಂತಪುರ ಜಿಲ್ಲೆ ಏರ್ಪಟ್ಟಂದಿನಿಂದ ಅದರ ತೆಂಕಣ ತುದಿಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳ ಮಕ್ಕಳು ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುತ್ತಿದ್ದರೂ ಬೆಂಗಳೂರಿನ ದೃಷ್ಟಿಗೆ ಅವರು ಹೊರಗಿನವರು, ಅಮರಾವತಿಯ ದೃಷ್ಟಿಗೆ ಅಂಚಿನವರು. ಆ ಅಮರಾಪುರದ ಪಕ್ಕದ ಹೇಮಾವತಿಯಾದರೋ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಸ್ಥಳ. ಅಲ್ಲಿಯ ಶಿಲ್ಪಗಳನ್ನು ನೋಡಲು ಇಂದು ಮದರಾಸಿನ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ನೊಳಂಬರ ಕಾಲದಲ್ಲಿ ಹೆಂಜೇರು ಮೂಲವಾಗಿತ್ತು, ಇತರ ಊರುಗಳು ಕವಲುಗಳಾಗಿದ್ದವು. ಆದಕಾರಣ ಈ ಸೀಮೆಯವನೊಬ್ಬನು ಕೇಂದ್ರದಲ್ಲಿ ಕುಳಿತವರು ಬರೆದ ವಂಶವೃಕ್ಷವನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡನೆಂದರೆ ನನಗೆ ನೋವಾಗುತ್ತದೆ.

ಈಗ ಪೂರ್ವಪಕ್ಷದ ಮುಖ್ಯವಾದ ಆಯುಧಕ್ಕೆ ಬರೋಣ. ಹಂಬಲವು ಬಾಲ್ಯಕ್ಕೆ ಸೇರಿದ್ದು, ಆಟಕ್ಕೆ ಸೇರಿದ್ದಲ್ಲ ಎನ್ನುತ್ತಾರೆ. ಹಾಗಿದ್ದ ಪಕ್ಷದಲ್ಲಿ ಆ ಬಾಲ್ಯದಲ್ಲಿ ಎದುರಾದ ಪ್ರತಿಯೊಂದು ಆಟವೂ ಸಮಾನವಾಗಿ ನೆನಪಿಗೆ ಬಂದು ಸಮಾನವಾಗಿ ಕಾಡಬೇಕಾಗಿತ್ತು. ಹಾಗೆ ಆಗುವುದಿಲ್ಲ. ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ಹಾಡುಗಳ ಜೊತೆಯಲ್ಲಿ ತುಂಬಿಕೊಡುತ್ತಿದ್ದ ಕಾರಿನ ಓಟದ ಆಟಗಳೆಷ್ಟೋ, ಗುಂಡು ಹಾರಿಸುವ ಆಟಗಳೆಷ್ಟೋ. ಅವುಗಳಲ್ಲಿ ಬಹುಪಾಲಿನ ಹೆಸರು ಕೂಡ ಇಂದು ಯಾರ ನಾಲಗೆಯ ಮೇಲೂ ಇಲ್ಲ. ಸ್ಮರಣೆಯು ಆಯುತ್ತದೆ, ಆಯುವಿಕೆಯೇ ವಿಮರ್ಶೆಯ ಮೊದಲನೆಯ ಹೆಜ್ಜೆ. ನೂರರಲ್ಲಿ ತೊಂಬತ್ತನ್ನು ಮರೆತು ಹತ್ತನ್ನು ಹಂಬಲಿಸುವವನು, ತನಗೆ ಕಾರಣವನ್ನು ಶಾಸ್ತ್ರೀಯವಾಗಿ ಹೇಳಲು ಬಾರದಿದ್ದರೂ, ಆ ಹತ್ತರಲ್ಲಿ ಇದ್ದು ಉಳಿದವುಗಳಲ್ಲಿ ಇಲ್ಲದ ಒಂದು ಗುಣವನ್ನು ಗುರುತಿಸಿದ್ದಾನೆಂದೇ ತಿಳಿಯತಕ್ಕದ್ದು. ಆ ಗುಣವನ್ನು ಹುಡುಕಿ ಹೆಸರಿಸಬೇಕಾದುದು ವಿಮರ್ಶಕನ ಕರ್ತವ್ಯ. ಅವನು ಅದನ್ನು ಬಿಟ್ಟು ಹಂಬಲಿಸುವವನ ವಯಸ್ಸನ್ನು ಲೆಕ್ಕ ಹಾಕುತ್ತ ಕುಳಿತರೆ ಕೆಲಸ ತಪ್ಪಿಸಿಕೊಂಡಂತಾಯಿತು.

ಗುಣವನ್ನು ನಾನು ಹೆಸರಿಸುತ್ತೇನೆ. ಅದು ಪರಿಮಿತಿ. 2007 ಮತ್ತು 2008ರಲ್ಲಿ ಬಂದ 'ಸ್ಟೋರೀಸ್' ಎಂಬ ಮೂರು ಆಟಗಳನ್ನೇ ತೆಗೆದುಕೊಳ್ಳಿ. ಇವನ್ನು ಲ್ಯಾಪ್‌ಟಾಪಿನಲ್ಲಿ ಓಡುವಂತೆ ಬೇಕೆಂದೇ ಹಗುರವಾಗಿ ರಚಿಸಲಾಗಿತ್ತು. ದುಬಾರಿಯಾದ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ, ಪರದೆಯ ಒಂದು ಭಾಗದಲ್ಲಿ ತೆರೆದುಕೊಂಡು, ಬೇರೆ ಕೆಲಸದ ನಡುವೆಯೂ ಆಡಬಹುದಾಗಿತ್ತು. ಸಂಪನ್ನರಾದ ಆಟಗಾರರಿಗೆ ಇದು ಬಡತನದ ಲಕ್ಷಣವಾಗಿ ಕಂಡಿತು. ಎರಡನೆಯ ಮೂರನೆಯ ಕೈಯಾಗಿ ಬಂದ ಕಂಪ್ಯೂಟರುಗಳೇ ಗತಿಯಾಗಿದ್ದ, ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರುಗಳಲ್ಲಿ ಇದೇ ಬಾಗಿಲಾಯಿತು. 2009ರ ಮೂರನೆಯ ದೊಡ್ಡ ಆಟವು ಇಡೀ ಊರನ್ನು ಒಮ್ಮೆಗೇ ನಡೆಸುವ ಹೆಮ್ಮೆಯಿಂದ ಬಂದಿತು. ಆ ಹೆಮ್ಮೆಯ ಭಾರವನ್ನು ನಮ್ಮ ಕಡೆಯ ಯಂತ್ರಗಳು ಹೊರಲಾರದೆ ನಿಂತುಹೋದವು. ಅದಕ್ಕೂ ಕೆಳಗೆ ಗುಂಡಿಗಳ ಫೋನಿನಲ್ಲಿ ಓಡುವ ಪುಟ್ಟ ರೂಪಗಳು ಇದ್ದವು, ಅವುಗಳ ಅಂಗೈಯಗಲದ ಪರದೆಯಲ್ಲಿಯೂ ಒಬ್ಬ ಮನುಷ್ಯನು ಎದ್ದು, ತಿಂದು, ಕೆಲಸಕ್ಕೆ ಹೋಗಿ, ಮಲಗುತ್ತಿದ್ದನು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳು ಬಹಳ. ಬಳ್ಳಾರಿಯ ಪೇಟೆಗೆ ಹೋಗುವ ಪ್ಯಾಂಟುಗಳು ಇಲ್ಲಿಯ ಓಣಿಗಳಲ್ಲಿ ಸಿದ್ಧವಾಗುತ್ತವೆ. ಅಂತಹದೊಂದು ಮನೆಯ ಮಾಳಿಗೆಯಲ್ಲಿ, ಪೀಸಿನ ಲೆಕ್ಕದ ಮೇಲೆ ಜೇಬು ಹೊಲಿಯುವ ಒಬ್ಬ ಪರಿಚಯದ ತರುಣನು ಊಟದ ಬಿಡುವಿನಲ್ಲಿ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ತೋರಿಸಿದನು. ಬ್ಯಾಟರಿ ಸತ್ತುಹೋಗಿ ವರ್ಷಗಳಾಗಿದ್ದವು. ಹೊಲಿಗೆ ಯಂತ್ರದ ಪಕ್ಕದ ಪ್ಲಗ್ಗಿಗೆ ತಂತಿ ಸಿಕ್ಕಿಸಿದರೆ ಮಾತ್ರ ಜೀವ. ಕೀಲಿಮಣೆಯ ಸಂದುಗಳಲ್ಲಿ ನೀಲಿ ದಾರದ ನವುರು ಎಳೆಗಳು ಸೇರಿಕೊಂಡಿದ್ದವು. ಅದರಲ್ಲಿ ಅವನು ಆಡುತ್ತಿದ್ದುದು 'ಪೆಟ್ ಸ್ಟೋರೀಸ್'. ಆಲಿಸ್ ಎಂಬ ಹೆಣ್ಣುಮಗಳು ಸಾಲದ ಬಾಯಿಗೆ ಬಿದ್ದ ತನ್ನ ಮನೆಯನ್ನು ಉಳಿಸಿಕೊಳ್ಳಲು ಸ್ಯಾಮ್ ಎಂಬ ಚುಕ್ಕೆಗಳ ನಾಯಿಯನ್ನು ಪ್ರದರ್ಶನದ ಸ್ಪರ್ಧೆಗೆ ತಯಾರುಮಾಡುವ ಕಥೆಯದು. ಅಧ್ಯಾಯದಿಂದ ಅಧ್ಯಾಯಕ್ಕೆ ಏರುತ್ತ ಹೋಗಿ, ನಾಯಿ ಗೆದ್ದರೆ ಮನೆ ಉಳಿಯುತ್ತದೆ. ದೊಡ್ಡ ಆಟವನ್ನು ಬಿಟ್ಟು ಇದನ್ನೇಕೆ ಆಡುತ್ತೀಯಪ್ಪ ಎಂದು ಕೇಳಿದಾಗ ಅವನು ಹೇಳಿದ ಮಾತು ನಾನು ಓದಿದ ಎಲ್ಲ ವಿಮರ್ಶೆಗಳಿಗಿಂತ ಸ್ಪಷ್ಟವಾಗಿತ್ತು: "ಇದಕ್ಕ ಒಂದು ಕೊನಿ ಐತಿ ಸಾರ್. ಮನಿ ಸಾಲ ತೀರ್ತು ಅಂದ್ರ ಕಥಿ ಮುಗೀತು. ದೊಡ್ಡದ್ರಾಗ ಎಷ್ಟು ಆಡಿದ್ರೂ ತೀರಂಗಿಲ್ಲ."

ಆ ಉತ್ತರದಲ್ಲಿ ಬಾಲ್ಯದ ಪ್ರಸ್ತಾಪವಿಲ್ಲ. ಅದು ರಚನೆಯ ಕುರಿತಾದ ತೀರ್ಪು. ಮೂಲ ಆಟದಲ್ಲಿ ಹಸಿವು, ನಿದ್ರೆ, ಶೌಚ, ವಿನೋದ, ಜನಸಂಗ ಮೊದಲಾದ ಅಗತ್ಯಗಳನ್ನು ಪಟ್ಟಿಗಳಾಗಿ ತೋರಿಸಿರುತ್ತಾರೆ. ತುಂಬಿದರೆ ಇಳಿಯುತ್ತವೆ, ಇಳಿದರೆ ತುಂಬಬೇಕು. ದುಡಿದು ಕೊಂಡ ಮಂಚಕ್ಕಿಂತ ಮೇಲಾದ ಮಂಚವೊಂದು ಅಂಗಡಿಯಲ್ಲಿ ಸದಾ ಇರುತ್ತದೆ. ಇದು ರೈಟನ ಗಹನವಾದ ಅವಲೋಕನವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂತ್ಯವಿಲ್ಲದ ಈ ಕೊರತೆಯ ಚಕ್ರವು ಆಟದ ಪರದೆಯನ್ನು ದಾಟಿ ಮಾರಾಟದ ಕ್ರಮವಾಗಿಯೂ ಪರಿಣಮಿಸಿತು. ಮೊದಲ ಆಟಕ್ಕೆ ಏಳು ವಿಸ್ತರಣೆಗಳು, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹನ್ನೊಂದು. ನಾಲ್ಕನೆಯದು 2022ರ ಅಕ್ಟೋಬರಿನಿಂದ ಬರಿಯ ರೂಪದಲ್ಲಿ ಉಚಿತವಾಗಿ ದೊರೆಯುತ್ತ, ಅದರ ಮೇಲಿನ ತುಣುಕುಗಳನ್ನು ಒಂದೊಂದಾಗಿ ಮಾರುತ್ತ, ಹತ್ತು ವರ್ಷಗಳಾದರೂ ಮುಗಿಯದೆ ಬೆಳೆಯುತ್ತಲೇ ಇದೆ. ಕವಲುಗಳನ್ನು ವ್ಯಾಪಾರದ ಉಪೋತ್ಪನ್ನವೆಂದು ಜರೆಯುವವರು ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕು. ಒಮ್ಮೆ ಹಣ ಕೊಟ್ಟು ತಂದರೆ ಪೂರ್ತಿಯಾಗಿ ನಮ್ಮದಾಗುತ್ತಿದ್ದುದು ಯಾವುದು? ಆಡಿ ಮುಗಿಸಿ, ಸಿ.ಡಿ.ಯನ್ನು ತಮ್ಮನಿಗೋ ಪಕ್ಕದ ಮನೆಯವನಿಗೋ ಕೊಟ್ಟು, ಅವನೂ ಮುಗಿಸುವಂತಿದ್ದುದು ಯಾವುದು? ವ್ಯಾಪಾರವೆಂಬ ದೋಷವನ್ನು ಎಣಿಸಹೊರಟರೆ ಕಾಂಡದ ಮೇಲೆಯೇ ಅದು ಹೆಚ್ಚಾಗಿ ಕಾಣುತ್ತದೆ.

ಎಲ್ಲ ಕವಲುಗಳೂ ಉತ್ತಮವೆಂಬುದು ನನ್ನ ವಾದವಲ್ಲ. 2004ರ 'ಅರ್ಬ್ಸ್' ಪಾಶ್ಚಾತ್ಯ ನಗರಗಳ ಅಂದಿನ ಷೋಕಿಯನ್ನು ಬೆನ್ನಟ್ಟಿ ಅದರೊಡನೆಯೇ ಹಳೆಯದಾಯಿತು. 'ಮೈಸಿಮ್ಸ್' ಕಾರಿನ ಓಟಕ್ಕೂ ವಿಮಾನದ ಕಾಳಗಕ್ಕೂ ಇಳಿದಾಗ ತನ್ನ ಸ್ವಭಾವವನ್ನು ಕಳೆದುಕೊಂಡಿತು. ಜಾಲದ ಮೇಲೆಯೇ ನಿಂತಿದ್ದ ಕವಲುಗಳ ಕಥೆ ಇನ್ನೂ ದುಃಖಕರ: 2002ರ 'ಸಿಮ್ಸ್ ಆನ್‌ಲೈನ್' 2008ರ ಆಗಸ್ಟಿನಲ್ಲಿ, ಫೇಸ್‌ಬುಕ್ಕಿನ 'ಸಿಮ್ಸ್ ಸೋಷಿಯಲ್' 2013ರ ಜೂನಿನಲ್ಲಿ, ಅಲ್ಲಿ ಮನೆ ಕಟ್ಟಿಕೊಂಡವರ ಮನೆಗಳ ಸಮೇತ ಅಳಿಸಿಹೋದವು. ಪರಿಮಿತಿಯೇ ಗುಣವೆಂದು ನಾನು ಹೇಳುವಾಗ ಇವನ್ನು ಆ ಗುಣದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವು ಪರಿಪೂರ್ಣತೆಯನ್ನು ಮುಟ್ಟಿ ಮುಗಿದವುಗಳಲ್ಲ. ಒಡೆಯನ ಇಚ್ಛೆಯಿಂದ ಕಡಿಯಲ್ಪಟ್ಟವು.

ನಮ್ಮ ಕಡೆಯ ಹಿರಿಯರಿಂದ ಬೇರೊಂದು ಆಕ್ಷೇಪ ಬರುತ್ತದೆ, ಮತ್ತು ಇದು ಪ್ರಾಮಾಣಿಕವಾದುದಾದ್ದರಿಂದ ಗೌರವದಿಂದ ಉತ್ತರಿಸಬೇಕು. ಮಳೆಯಿಲ್ಲದ ಸೀಮೆಯಿದು, ವೇದಾವತಿಯ ದಡದ ಕಣೇಕಲ್ಲಿನ ಕಡೆ ಮರಳು ಹೊಲದ ಮೇಲೆ ಬರುತ್ತಿದೆ, ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೂ ತುಮಕೂರಿಗೂ ಹೋಗುತ್ತಿದ್ದಾರೆ, ಕನ್ನಡ ಶಾಲೆಗಳಿಗೆ ಮೇಷ್ಟರಿಲ್ಲ, ಪುಸ್ತಕ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಇಂತಹಲ್ಲಿ ಪರದೇಶದ ಗೊಂಬೆಯಾಟದ ಕವಲಿನ ವಿಷಯವಾಗಿ ಇಷ್ಟು ಮಾತೇಕೆ ಎಂದು ಅವರು ಕೇಳುತ್ತಾರೆ. ಗೊಂಬೆಯಾಟವು ಈ ನೆಲಕ್ಕೆ ಪರದೇಶದ್ದೆಂದು ಯಾರು ಹೇಳಿದರು? ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲಿ ಇಂದಿಗೂ ತೊಗಲನ್ನು ಹದಮಾಡಿ, ಕೊರೆದು, ಬಣ್ಣ ತುಂಬಿ ಗೊಂಬೆ ಮಾಡುವ ಮನೆತನಗಳಿವೆ. ಆ ಆಟದಲ್ಲಿ ರಾಮಾಯಣದ ಮುಖ್ಯಕಥೆಯ ನಡುವೆ ಬಂದು ನಗಿಸುವ ಕಿಳ್ಳೇಕ್ಯಾತ ಬಂಗಾರಕ್ಕರು ವಾಲ್ಮೀಕಿಯಲ್ಲಿಲ್ಲ. ಬರದ ವರ್ಷಗಳಲ್ಲಿಯೂ ಅವರಿಗಾಗಿ ಜನ ರಾತ್ರಿಯೆಲ್ಲ ಕುಳಿತರು. ಕಷ್ಟದ ಸೀಮೆಯವರಿಗೆ ಆಟವು ಸಲ್ಲದೆಂಬುದು ಆ ಸೀಮೆಯ ಚರಿತ್ರೆಯನ್ನು ತಿಳಿಯದ ಮಾತು.

ಇದಲ್ಲದೆ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ತೆಲುಗು, ಅರ್ಜಿಯಲ್ಲಿ ಇಂಗ್ಲಿಷು ಎಂದು ಮೂರು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಪ್ರತಿಯೊಂದು ಬಾಗಿಲಿನಲ್ಲಿಯೂ ತಮ್ಮ ಮಾತು ತಪ್ಪೆಂಬ ಭಯವಿರುತ್ತದೆ. ಸಿಮ್ಸ್ ಲೋಕದ ಜನ ಆಡುವುದು ಲೋಕದ ಯಾವ ದೇಶಕ್ಕೂ ಸೇರದ ಕಲ್ಪಿತವಾದ ಉಲಿಯನ್ನು. ಅದನ್ನು ನ್ಯೂಯಾರ್ಕಿನ ಮಗುವೂ ಅರಿಯದು, ಅಗಳಿಯ ಮಗುವೂ ಅರಿಯದು. ಸಿಟ್ಟು, ಸಂಕೋಚ, ಅಕ್ಕರೆ, ಬೇಸರಗಳನ್ನು ದನಿಯ ಏರಿಳಿತದಿಂದಲೇ ಗ್ರಹಿಸಬೇಕಾದ ಆ ಅಂಗಳದಲ್ಲಿ ನಮ್ಮ ಮಕ್ಕಳು ಯಾರಿಗಿಂತಲೂ ಹಿಂದೆ ಬೀಳಲಿಲ್ಲ. 'ಸ್ಟೋರೀಸ್' ಆಟಗಳಲ್ಲಿ ಪ್ರತಿ ಗುರಿಯನ್ನೂ ಸಣ್ಣ ವಾಕ್ಯದಲ್ಲಿ ಮುಂದಿಟ್ಟು, ಅದು ನೆರವೇರಿದೊಡನೆ ಮುಂದಿನದನ್ನು ಕೊಡುತ್ತಿದ್ದುದರಿಂದ, ಇಂಗ್ಲಿಷಿನ ಪಠ್ಯಪುಸ್ತಕಕ್ಕೆ ಹೆದರುತ್ತಿದ್ದವನೂ ಆ ವಾಕ್ಯಗಳನ್ನು ಅಕ್ಷರ ಕೂಡಿಸಿ ಓದಿ ಅರ್ಥಮಾಡಿಕೊಂಡನು, ಏಕೆಂದರೆ ಮುಂದೇನಾಯಿತೆಂದು ತಿಳಿಯಬೇಕೆಂಬ ತವಕ ಅವನಿಗಿತ್ತು. ಗುರಿಯನ್ನೇ ಹೇಳದೆ ಪಟ್ಟಿಗಳನ್ನೂ ಗುಂಡಿಗಳನ್ನೂ ಎದುರಿಗೆ ಹರಡುವ ದೊಡ್ಡ ಆಟದಲ್ಲಿ ಈ ಉಪಕಾರವಿರಲಿಲ್ಲ.

ಹಂಬಲಕ್ಕೆ ವಿಷಯವೇ ಇಲ್ಲವೆಂಬ ಮತವನ್ನು ಮಾಲಿಕೆಯ ಒಡೆಯರೇ ತಮ್ಮ ನಡತೆಯಿಂದ ಸುಳ್ಳುಮಾಡಿದ್ದಾರೆ. 2024ರ ನವೆಂಬರಿನಲ್ಲಿ 'ಮೈಸಿಮ್ಸ್' ಮತ್ತು 'ಮೈಸಿಮ್ಸ್ ಕಿಂಗ್‌ಡಮ್' ಎಂಬ ಎರಡು ಕವಲುಗಳನ್ನು ಅವರು ಮತ್ತೆ ಮಾರಾಟಕ್ಕೆ ತಂದರು. ವಿಷಯವಿಲ್ಲದ ಹಂಬಲಕ್ಕೆ ಯಾವ ವರ್ತಕನೂ ಹದಿನೇಳು ವರ್ಷಗಳ ಅನಂತರ ಬೆಲೆ ಕಟ್ಟುವುದಿಲ್ಲ. 2025ರ ಜನವರಿಯಲ್ಲಿ, ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮಕ್ಕೆಂದು, ಮೊದಲ ಎರಡು ದೊಡ್ಡ ಆಟಗಳನ್ನು ಇಂದಿನ ಕಂಪ್ಯೂಟರುಗಳಲ್ಲಿ ಓಡುವಂತೆ ಹೊರತಂದರು. ಎರಡನೆಯ ದೊಡ್ಡ ಆಟದ ಯಂತ್ರದಿಂದಲೇ ಹುಟ್ಟಿದ ಮೂರು 'ಸ್ಟೋರೀಸ್' ಆ ಸಂಪುಟದಲ್ಲಿ ಸೇರಲಿಲ್ಲ. 2015ರಲ್ಲಿ ವಿಂಡೋಸ್ 10 ಬಂದಮೇಲೆ ಹಳೆಯ ಸಿ.ಡಿ.ಗಳ ನಕಲು ತಡೆಯುವ ಕೆಲವು ಏರ್ಪಾಡುಗಳು ನಿಷ್ಕ್ರಿಯವಾಗಿ, ಆ ಕಾಲದ ಎಷ್ಟೋ ಆಟಗಳು ನ್ಯಾಯವಾಗಿ ಕೊಂಡವನ ಕೈಯಲ್ಲಿಯೇ ತೆರೆಯದಾಗಿವೆ. ಹೀಗೆ ಕೊಂಡದ್ದನ್ನು ಆಡಲು ಸಾಧ್ಯವಿಲ್ಲದೆ, ಹೊಸದಾಗಿ ಕೊಳ್ಳಲೂ ಅವಕಾಶವಿಲ್ಲದೆ ನಿಂತವನು ಅದನ್ನು ಮತ್ತೆ ಕೊಡಿರೆಂದು ಕೇಳಿದರೆ, ಅದನ್ನು ಬಾಲ್ಯದ ಹಳಹಳಿಕೆಯೆಂದು ಕರೆಯುವುದು ಅನ್ಯಾಯ. ಅದು ಹಕ್ಕಿನ ಬೇಡಿಕೆ. ಆ ಮೂರು ಆಟಗಳನ್ನೂ ಅದೇ ರೀತಿ ಸರಿಪಡಿಸಿ, ಇಂಟರ್ನೆಟ್ಟಿನ ಹಂಗಿಲ್ಲದೆ ಸಾಧಾರಣವಾದ ಲ್ಯಾಪ್‌ಟಾಪಿನಲ್ಲಿ ಓಡುವಂತೆ, ಒಂದೇ ಬೆಲೆಗೆ, ಪೂರ್ಣವಾಗಿ ಮಾರಬೇಕು. ರಾಯದುರ್ಗದ ಹೊಲಿಗೆಯವನು ಒಂದು ವಾರದ ಪೀಸಿನ ಕೂಲಿಯಲ್ಲಿ ಕೊಳ್ಳಬಹುದಾದಷ್ಟು ಆ ಬೆಲೆ ಇರಬೇಕು. ನಮ್ಮ ನಗರಗಳ ವಿಮರ್ಶಕರೂ ಕೇಳುವವರ ವಯಸ್ಸನ್ನು ಎಣಿಸುವುದನ್ನು ಬಿಟ್ಟು ಈ ಬೇಡಿಕೆಗೆ ತಮ್ಮ ದನಿ ಸೇರಿಸಬೇಕು.